ವರ್ಷಕ್ಕೊಂದು ಸುಣ್ಣ

ಚಳ್ಳಕೆರೆಯಿಂದ ಬಳ್ಳಾರಿ ಕಡೆಗೆ ಹೋಗುವ ಹೆದ್ದಾರಿಯ ಮೇಲೆ ಮೊಳಕಾಲ್ಮುರು ತಾಲ್ಲೂಕಿನ ಬಿ.ಜಿ. ಕೆರೆ ಇದೆ. ಈ ದಾರಿಯ ಊರುಗಳಲ್ಲಿ ಹೊಸ ಆರ್‌ಸಿಸಿ ಮನೆಗಳು ಹಸಿರು, ಗುಲಾಬಿ, ಕಿತ್ತಳೆ ಎಮಲ್ಷನ್ ಬಳಿಸಿಕೊಂಡು ರಸ್ತೆಗೆ ಮುಖಮಾಡಿ ನಿಂತಿವೆ. ಒಳಗಿನ ಓಣಿಗಳಲ್ಲಿ ಕಲ್ಲು-ಮಣ್ಣಿನ ಹಳೆಯ ಮಾಳಿಗೆ ಮನೆಗಳು ಅಲ್ಲಲ್ಲಿ ಉಳಿದಿವೆ. ಅವುಗಳ ಗೋಡೆಯ ಮೇಲೆ ಸುಣ್ಣದ ಮೇಲೆ ಸುಣ್ಣ ಕೂತು ದಪ್ಪಗಟ್ಟಿದ ಪದರ, ಬುಡದಲ್ಲಿ ಮಾಸಿದ ಕೆಮ್ಮಣ್ಣಿನ ಪಟ್ಟಿ. ಈ ಎರಡು ಬಗೆಯ ಗೋಡೆಗಳ ನಡುವಿನ ವ್ಯತ್ಯಾಸವನ್ನು ನಾವು ಸಾಮಾನ್ಯವಾಗಿ ಬಡತನ ಮತ್ತು ಅನುಕೂಲದ ವ್ಯತ್ಯಾಸ ಎಂದೋ, ಅಭಿರುಚಿಯ ವ್ಯತ್ಯಾಸ ಎಂದೋ ತಿಳಿದು ಸುಮ್ಮನಾಗುತ್ತೇವೆ. ಅಷ್ಟಕ್ಕೇ ನಿಲ್ಲುವುದು ಸಾಲದು. ಈ ಸೀಮೆಯಲ್ಲಿ ಹೊರಗೋಡೆಗೆ ಸುಣ್ಣಬಣ್ಣ ಬಳಿಯುವುದು ಬಹುಕಾಲ ದುರಸ್ತಿಯ ಕೆಲಸವಾಗಿತ್ತು. ಮನೆಯವರೇ, ಊರ ಸುತ್ತಲ ಮಣ್ಣು-ಕಲ್ಲಿನಿಂದಲೇ, ವರ್ಷಕ್ಕೊಮ್ಮೆ ಮಾಡುತ್ತಿದ್ದ ದುರಸ್ತಿ. ಕಳೆದ ಐವತ್ತು-ಅರವತ್ತು ವರ್ಷಗಳಲ್ಲಿ ಅದು ಅಂಗಡಿಯಿಂದ ಕೊಂಡು, ಕೂಲಿ ಕೊಟ್ಟು, ಹತ್ತು ವರ್ಷಕ್ಕೊಮ್ಮೆ ಮಾಡಿಸುವ ಅಲಂಕಾರವಾಯಿತು. ಹೊಸ ಗೋಡೆಗಳಿಗೆ ಇದರಿಂದ ಅಂಥ ನಷ್ಟವಾಗಿಲ್ಲ. ಹಳೆಯ ಗೋಡೆಗಳಿಗೆ ಆಗಿದೆ, ಈಗಲೂ ಆಗುತ್ತಿದೆ. ಅದು ಹೇಗೆ ಎಂಬುದನ್ನು ಬಲ್ಲದೆ ಈ ಊರುಗಳ ಮನೆಗಳ ಚರಿತ್ರೆ ಅರ್ಥವಾಗುವುದಿಲ್ಲ.

ಮೊದಲು ಗೋಡೆಯನ್ನೇ ನೋಡಬೇಕು. ಚಳ್ಳಕೆರೆ, ಮೊಳಕಾಲ್ಮುರು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರಿದವು. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಆಸುಪಾಸು, ಅದೂ ಹೆಚ್ಚಿನ ಪಾಲು ಮುಂಗಾರಿನ ಕೊನೆಯಲ್ಲಿ, ಕೆಲವೇ ದಿನಗಳಲ್ಲಿ ರಭಸದಿಂದ ಸುರಿದು ಹೋಗುತ್ತದೆ. ಮಲೆನಾಡಿನ ಇಳಿಜಾರು ಹಂಚಿನ ಮಾಡು ಇಲ್ಲಿ ಬೇಕಿರಲಿಲ್ಲ. ಅದಕ್ಕೆ ಬೇಕಾದ ಮರವೂ ಇಲ್ಲಿ ದಂಡಿಯಾಗಿರಲಿಲ್ಲ. ಹಾಗಾಗಿ ತೊಲೆ, ಜಂತೆ ಅಥವಾ ಕಲ್ಲುಚಪ್ಪಡಿ ಹೊದಿಸಿ, ಅದರ ಮೇಲೆ ಮಣ್ಣು ತುಂಬಿ, ಎಲ್ಲದರ ಮೇಲೆ ಚೌಳು ಮಣ್ಣು ಹರಡಿದ ಸಪಾಟು ಮಾಳಿಗೆ ಇಲ್ಲಿಂದ ಬಳ್ಳಾರಿ, ರಾಯದುರ್ಗ, ಅನಂತಪುರದವರೆಗೂ ರೂಢಿಯಾಯಿತು. ಬೆಳೆ ಬೆಳೆಯದ ಈ ಉಪ್ಪುಮಣ್ಣಿಗೆ ಒಂದು ಗುಣವಿದೆ. ಅದರಲ್ಲಿರುವ ಸೋಡಿಯಂ ಲವಣ ನೀರು ತಾಗಿದೊಡನೆ ಜೇಡಿನ ಕಣಗಳನ್ನು ಬಿಡಿಬಿಡಿಯಾಗಿಸಿ ಸಂದುಗಳನ್ನು ಮುಚ್ಚುತ್ತದೆ. ಹೊಲದಲ್ಲಿ ನೀರು ಇಂಗಗೊಡದೆ ರೈತನನ್ನು ಕಾಡುವ ಈ ದೋಷವೇ ಮಾಳಿಗೆಯ ಮೇಲೆ ಮನೆಯನ್ನು ಕಾಯುವ ಗುಣ. ಮಾಳಿಗೆ ಹೀಗೆ ಬಚಾವಾಯಿತು, ಆದರೆ ಗೋಡೆ? ಸಪಾಟು ಮಾಳಿಗೆಗೆ ಮುಂಚಾಚು ಕಡಿಮೆ. ಬೀಸಿ ಹೊಡೆಯುವ ಮಳೆ ನೇರವಾಗಿ ಗೋಡೆಗೇ ಬಡಿಯುತ್ತದೆ, ನೆಲಕ್ಕೆ ಬಿದ್ದ ಹನಿ ಕೆಂಪು ಕೆಸರಾಗಿ ಬುಡಕ್ಕೆ ಸಿಡಿಯುತ್ತದೆ, ಉಪ್ಪಿನಂಶದ ನೆಲದಿಂದ ತೇವ ಮೇಲಕ್ಕೇರಿ ಬಿಸಿಲಿಗೆ ಒಣಗುವಾಗ ಗೋಡೆಯ ಮೈಯಲ್ಲಿ ಬಿಳಿ ಉಪ್ಪನ್ನು ಬಿಟ್ಟುಹೋಗುತ್ತದೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲುಗೋಡೆಯೂ, ಹಸಿಮಣ್ಣಿನ ಗೋಡೆಯೂ ಇದನ್ನು ತಡೆದುಕೊಳ್ಳಬೇಕಾದರೆ ಮೇಲೊಂದು ಹೊದಿಕೆ ಬೇಕು. ಆ ಹೊದಿಕೆ ತಾನು ಸವೆದು ಗೋಡೆಯನ್ನು ಉಳಿಸಬೇಕು. ವರ್ಷಕ್ಕೊಮ್ಮೆ ಸವೆಯುವುದೇ ಅದರ ಕೆಲಸ.

ಹೊದಿಕೆ ಎರಡು ಹಂತದ್ದು. ಮಳೆ ನಿಂತ ಮೇಲೆ ಕಿತ್ತುಹೋದ ಕಡೆ ಮಣ್ಣು ಮೆತ್ತಿ, ಸಗಣಿ ಬೆರೆಸಿದ ಮಣ್ಣಿನಿಂದ ಸಾರಿಸುವುದು ಮೊದಲನೆಯದು. ಅದು ಒಣಗಿದ ಮೇಲೆ ಸುಣ್ಣ. ಕರಿಮಣ್ಣಿನ ಹೊಲಗಳಲ್ಲಿ ಸಿಗುವ ಸುಣ್ಣಕಲ್ಲಿನ ಹರಳುಗಳನ್ನು ಆಯ್ದು, ಸೌದೆ ಅಥವಾ ಇದ್ದಿಲಿನೊಂದಿಗೆ ಗೂಡಿನಲ್ಲಿ ಒಟ್ಟಿ ಸುಡುವುದು ಸುಣಗಾರರ ಕಸುಬು. ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಲ್ಲು ತನ್ನೊಳಗಿನ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟು ಸುಟ್ಟ ಸುಣ್ಣವಾಗುತ್ತದೆ. ಮನೆಗೆ ಕೊಂಡುತಂದ ಆ ಗಟ್ಟಿಗಳನ್ನು ಹರವಿಯಲ್ಲಿ ಹಾಕಿ ನೀರು ಹೊಯ್ದರೆ ಕೊತಕೊತ ಕುದಿದು ಅರಳುತ್ತದೆ. ತಣಿದ ಮೇಲೆ ತೆಳುಬಟ್ಟೆಯಲ್ಲಿ ಸೋಸಿ, ಗೋಡೆ ಮುಟ್ಟಿದ ಕೈಗೆ ಹತ್ತದಿರಲೆಂದು ಚೂರು ಅಂಟು ಅಥವಾ ಗಂಜಿ ಬೆರೆಸಿ, ನಾರಿನ ಕುಂಚದಿಂದ ತೆಳ್ಳಗೆ ಬಳಿಯುತ್ತಾರೆ. ಹಸಿಯಾಗಿರುವಾಗ ಗೋಡೆ ಬೂದು ಬಣ್ಣಕ್ಕೆ ಕಾಣುತ್ತದೆ, ಒಣಗುತ್ತ ಬಂದಂತೆ ಬೆಳ್ಳಗಾಗುತ್ತದೆ. ಆಮೇಲಿನ ದಿನಗಳಲ್ಲಿ ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಮರಳಿ ಪಡೆದು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಅಂದರೆ ವರ್ಷವರ್ಷವೂ ಗೋಡೆಯ ಮೇಲೆ ಒಂದು ತೆಳುವಾದ ಸುಣ್ಣಕಲ್ಲಿನ ಪದರ ಕೂರುತ್ತದೆ. ಬಿರುಕು ಸಣ್ಣದಾದರೆ ಸುಣ್ಣವೇ ಅದರೊಳಕ್ಕೆ ಇಳಿದು ಮುಚ್ಚುತ್ತದೆ, ಒಳಗಿನ ತೇವ ಹೊರಬರಲು ಅಡ್ಡಿಯನ್ನೂ ಮಾಡುವುದಿಲ್ಲ.

ಬುಡದ ಕೆಂಪುಪಟ್ಟಿಯ ಬಗ್ಗೆ ಒಂದೆರಡು ಮಾತು ಹೆಚ್ಚು ಹೇಳಬೇಕು, ಏಕೆಂದರೆ ಅಲಂಕಾರವೆಂದು ತೋರುವ ಭಾಗ ಅದೇ. ಸುಣ್ಣದ ಗೋಡೆಯ ಕೆಳಗೆ ಎರಡು-ಮೂರು ಅಡಿ ಎತ್ತರಕ್ಕೆ ಕೆಮ್ಮಣ್ಣು ಬಳಿದು, ಬಾಗಿಲ ಸುತ್ತ, ಕಟ್ಟೆಯ ಅಂಚಿಗೆ, ಗೋಡೆಯ ಮೂಲೆಗಳಿಗೆ ಕಾರಣೆ, ಎಂದರೆ ಬಣ್ಣದ ಪಟ್ಟಿ, ಎಳೆಯುವುದು ಬಯಲುಸೀಮೆಯ ಉದ್ದಕ್ಕೂ ಇದ್ದ ಪದ್ಧತಿ. ಹೊರಗೋಡೆ ಹೆಚ್ಚು ಸವೆಯುವುದು ಬುಡದಲ್ಲೇ. ಮಳೆಯ ಸಿಡಿ, ದನದ ಮೈ, ಕೂತವರ ಬೆನ್ನು, ಬೀದಿಯ ಧೂಳು ಎಲ್ಲವೂ ಅಲ್ಲಿಗೇ ತಾಗುವುದು. ಊರ ನೆಲದ ಮಣ್ಣು ಕೆಂಪಾದ್ದರಿಂದ ಕೆಂಪು ಬಳಿದ ಭಾಗದಲ್ಲಿ ಕೊಳೆ ಕಾಣುವುದಿಲ್ಲ. ಆ ಭಾಗವನ್ನಷ್ಟೇ ವರ್ಷದ ನಡುವೆ, ಮುಂದಿನ ಹಬ್ಬಕ್ಕೆ, ಒಂದು ಬೊಗಸೆ ಮಣ್ಣಿನಲ್ಲಿ ಮತ್ತೆ ಸರಿಮಾಡಿಕೊಳ್ಳಬಹುದು. ಮೂಲೆ, ಅಂಚು, ಬಾಗಿಲ ಸುತ್ತಲ ಕಾರಣೆಯೂ ಹಾಗೆಯೇ: ಮಣ್ಣಿನ ಗೋಡೆ ಮೊದಲು ಉದುರುವುದು ಅಂಚಿನಲ್ಲಿ, ಅಲ್ಲಿಗೆ ಒಂದು ಕೈ ಹೆಚ್ಚು ಬೇಕು. ಹಾಗೆಂದು ಇದರಲ್ಲಿ ಚೆಲುವಿನ ಆಸೆ ಇರಲಿಲ್ಲ ಎನ್ನಲಾಗದು. ಇತ್ತು, ಕಣ್ಣಿಗೆ ಕಾಣುವಷ್ಟು ಇತ್ತು. ಆದರೆ ದುರಸ್ತಿಗೆ ಎಲ್ಲಿ ಕೈ ಹೆಚ್ಚು ಬೇಕೋ ಅಲ್ಲಿಯೇ ಚೆಲುವೂ ಬಂದು ಕೂತಿತ್ತು. ಸಾಗರ, ಸೊರಬದ ದೀವರ ಹಸೆ ಚಿತ್ತಾರವನ್ನು ಇದರ ಪಕ್ಕಕ್ಕಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲೂ ಕೆಮ್ಮಣ್ಣಿನ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಪುಂಡಿನಾರಿನ ಕುಂಚ. ಆದರೆ ಅಗಲವಾದ ಮಾಡು ಗೋಡೆಯನ್ನು ಮಳೆಯಿಂದ ಕಾಯುವ ಆ ನಾಡಿನಲ್ಲಿ ನವಿರಾದ ಚಿತ್ರ ಗೋಡೆಯ ಮೇಲೆ ಬಾಳುತ್ತದೆ. ಇಲ್ಲಿ ಮಳೆ ನೇರ ಬಡಿಯುವ ಗೋಡೆಗೆ ಪಟ್ಟಿ, ಗೆರೆಗಳೇ ತಕ್ಕವು.

ಕೆಂಪು-ಬಿಳಿಯ ಈ ಜೋಡಿ ಇಲ್ಲಿ ಎಷ್ಟು ಹಳೆಯದು? ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ.ಎಲ್. ರೈಸ್ ಅವರು 1892ರಲ್ಲಿ ಅಶೋಕನ ಶಾಸನಗಳನ್ನು ಪತ್ತೆಮಾಡಿದ್ದು ಎಲ್ಲರಿಗೂ ಗೊತ್ತು. ಅದೇ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ, ಅವರಿಗಿಂತ ಮೊದಲು ಎಂ.ಎಚ್. ಕೃಷ್ಣ ಅಗೆಸಿದ್ದ ನೆಲೆಯಲ್ಲೇ, ಕಲ್ಲುಕೊಡಲಿಯ ಕಾಲ, ಬೃಹತ್ ಶಿಲಾಗೋರಿಗಳ ಕಾಲ, ಅವುಗಳ ಮೇಲೆ ಕ್ರಿಸ್ತಶಕದ ಆರಂಭದ ಹೊತ್ತಿನ ಪದರಗಳು ಸಾಲಾಗಿ ಹೊರಬಂದವು. ಆ ಮೇಲಿನ ಪದರದ ಒಂದು ಬಗೆಯ ಮಡಕೆ ನಮ್ಮ ವಿಷಯಕ್ಕೆ ಸಂಬಂಧಿಸಿದ್ದು. ಮಡಕೆಯ ಮೈಮೇಲೆ ಬಿಳಿಜೇಡಿ ಅಥವಾ ಸುಣ್ಣದಿಂದ ದಪ್ಪ ಗೆರೆಗಳನ್ನು ಎಳೆದು, ಮೇಲೆ ಕೆಮ್ಮಣ್ಣಿನ ಲೇಪ ಕೊಟ್ಟಿದ್ದಾರೆ. ಇದನ್ನು ಹಿಡಿದು ಇವತ್ತಿನ ಗೋಡೆಯ ಕಾರಣೆಗೆ ಎರಡು ಸಾವಿರ ವರ್ಷಗಳ ಅಖಂಡ ಪರಂಪರೆ ಇದೆ ಎಂದು ಬರೆಯುವುದು ಸುಲಭ. ಅದನ್ನು ನಾನು ಒಪ್ಪುವುದಿಲ್ಲ. ಮಡಕೆಗೂ ಗೋಡೆಗೂ ನಡುವೆ, ಅಂದಿನವರಿಗೂ ಇಂದಿನವರಿಗೂ ನಡುವೆ ಕೊಂಡಿ ತೋರಿಸುವ ಯಾವ ಆಧಾರವೂ ಮಡಕೆಚೂರಿನಲ್ಲಿ ಇಲ್ಲ. ಅದು ತೋರಿಸುವುದು ಇನ್ನೊಂದನ್ನು: ಈ ನೆಲದಲ್ಲಿ ಕಬ್ಬಿಣದ ಅಂಶದ ಕೆಮ್ಮಣ್ಣು ಮತ್ತು ಬಿಳಿಜೇಡಿ, ಸುಣ್ಣಕಲ್ಲು ಕೈಗೆಟುಕುವಲ್ಲಿ ಸಿಗುತ್ತವೆ. ಲೇಪ ಹಾಕಬೇಕೆಂದ ಜನ ಯಾವ ಕಾಲದವರಾದರೂ, ಯಾವ ಕುಲದವರಾದರೂ, ಕೈಹಾಕುವುದು ಇವಕ್ಕೇ. ಪರಂಪರೆ ಮನುಷ್ಯರಲ್ಲಿ ಕಡಿದುಹೋದರೂ ಮಣ್ಣಿನಲ್ಲಿ ಉಳಿಯುತ್ತದೆ. ಇದರಿಂದ ಬಯಲುಸೀಮೆಯ ಗೋಡೆಯ ಬಣ್ಣವನ್ನು ಯಾವುದೋ ಒಂದು ಸಮುದಾಯದ ಸೊತ್ತೆಂದು ಹೇಳುವ ಅಗತ್ಯವೂ ತಪ್ಪುತ್ತದೆ. ಮ್ಯಾಸಬೇಡರ ಹಟ್ಟಿಯಲ್ಲೂ ಲಿಂಗಾಯತರ ಓಣಿಯಲ್ಲೂ ಒಂದೇ ಕೆಮ್ಮಣ್ಣು ಸಲ್ಲುತ್ತಿತ್ತು.

ಸುಣ್ಣ ದುರಸ್ತಿಯ ಬಾಬಿಗೆ ಸೇರಿದ್ದು ಎಂಬುದಕ್ಕೆ ಶಾಸನಗಳಲ್ಲಿ ಸಾಕ್ಷ್ಯವಿದೆ. ಕರ್ನಾಟಕದ ದೇಗುಲ, ಬಸದಿಗಳಿಗೆ ಕೊಟ್ಟ ದತ್ತಿಗಳಲ್ಲಿ ಮತ್ತೆ ಮತ್ತೆ ಬರುವ ಬಾಬು ಖಂಡಸ್ಫುಟಿತ ಜೀರ್ಣೋದ್ಧಾರ, ಎಂದರೆ ಒಡೆದುದನ್ನು, ಬಿರಿದುದನ್ನು ಸರಿಪಡಿಸುವುದು. ಕೆಲವು ದತ್ತಿಗಳು ಸುಧಾಕರ್ಮವನ್ನು, ಸುಣ್ಣದ ಕೆಲಸವನ್ನು, ಇದರ ಜೊತೆಗೇ ಹೇಳುತ್ತವೆ. ನಂದಾದೀಪ, ನೈವೇದ್ಯ, ಹೂವಿನ ತೋಟಕ್ಕೆ ಬೇರೆಯದೇ ಬಾಬು. ದಾನಿಗೂ ಕರಣಿಕನಿಗೂ ಸುಣ್ಣ ಗೋಡೆಯ ಆಯುಸ್ಸಿನ ಲೆಕ್ಕಕ್ಕೆ ಸೇರಿದ್ದು ಎಂಬುದು ಸ್ಪಷ್ಟವಾಗಿತ್ತು. ಇಲ್ಲಿ ಒಂದು ಆಕ್ಷೇಪ ಬರಬಹುದು: ದೇವಸ್ಥಾನದ ಲೆಕ್ಕ ಬೇರೆ, ಸಾಮಾನ್ಯರ ಮನೆಗೋಡೆಯ ಲೆಕ್ಕ ಬೇರೆ. ಸುಣ್ಣ ಎಲ್ಲರ ಕೈಗೂ ಸಿಗುತ್ತಿರಲಿಲ್ಲ, ಅದು ಅಂತಸ್ತಿನ ಗುರುತಾಗಿತ್ತು, ಹಾಗಿರುವಾಗ ಅದನ್ನು ಬರೀ ದುರಸ್ತಿ ಎನ್ನುವುದು ಹೇಗೆ? ಆಕ್ಷೇಪದಲ್ಲಿ ನಿಜವಿದೆ. ತಮಿಳುನಾಡಿನ ಕೊಂಗು ಸೀಮೆಯ ಕರೂರಿನಲ್ಲಿ ಸಿಕ್ಕ ಒಂದು ಪ್ರಸಿದ್ಧ ಶಾಸನದಲ್ಲಿ ಅರಸನು ಕಮ್ಮಾಳರಿಗೆ, ಎಂದರೆ ಕುಶಲಕರ್ಮಿಗಳಿಗೆ, ಕೆಲವು ಹಕ್ಕುಗಳನ್ನು ಕೊಡುತ್ತಾನೆ. ಶುಭಾಶುಭಗಳಲ್ಲಿ ಜೋಡಿ ಶಂಖ ಊದಬಹುದು, ಹೊರಹೋಗುವಾಗ ಕಾಲಿಗೆ ಜೋಡು ಮೆಟ್ಟಬಹುದು, ಮನೆಯ ಗೋಡೆಗೆ ಗಾರೆ ಹೊದಿಸಬಹುದು. ಗೋಡೆ ಕಟ್ಟುವುದು ಗೊತ್ತಿದ್ದವರಿಗೇ ತಮ್ಮ ಗೋಡೆಗೆ ಗಾರೆ ಹಾಕಲು ಅರಸನ ಅಪ್ಪಣೆ ಬೇಕಿತ್ತು. ಹೊರಗೋಡೆ ಬೀದಿಗೆ ಸೇರಿದ್ದು, ಬೀದಿಯನ್ನು ಆಳುವವರ ಕಣ್ಣು ಅದರ ಮೇಲಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ಆದರೆ ಈ ಶಾಸನ ನನ್ನ ವಾದವನ್ನು ಮುರಿಯುವುದಿಲ್ಲ, ಇನ್ನಷ್ಟು ಕಟುವಾಗಿಸುತ್ತದೆ. ಗಾರೆಯಿಲ್ಲದ ಮಣ್ಣಿನ ಗೋಡೆ ಮಳೆಗೆ ಬೇಗ ಕರಗುತ್ತದೆ. ಗಾರೆಯ ಹಕ್ಕನ್ನು ತಡೆದವರು ಒಬ್ಬರ ಮನೆ ನೋಡಲು ಚೆನ್ನಾಗಿರುವುದನ್ನಷ್ಟೇ ತಡೆಯಲಿಲ್ಲ, ಅದು ಬಾಳುವುದನ್ನೂ ತಡೆದರು. ಯಾರ ಮನೆ ಊರಲ್ಲಿ ತಲೆಮಾರುಗಳ ಕಾಲ ನಿಲ್ಲಬೇಕು, ಯಾರದು ಮೂರು ಮಳೆಗೆ ಬೀಳಬೇಕು ಎಂಬ ತೀರ್ಮಾನ ಅದರೊಳಗಿತ್ತು.

ಸುಣ್ಣಕ್ಕೆ ಹಣ ಬೇಕಿತ್ತು, ಕೆಮ್ಮಣ್ಣು ಮತ್ತು ಬಿಳಿಜೇಡಿಗೆ ಬೇಕಿರಲಿಲ್ಲ. ಆದ್ದರಿಂದ ಬಡವರ ಮನೆಯಲ್ಲಿ ಜೇಡಿಯೇ ಸುಣ್ಣದ ಜಾಗದಲ್ಲಿತ್ತು. ಎರಡಕ್ಕೂ ಬೇಕಾದದ್ದು ದುಡಿಮೆ, ಆ ದುಡಿಮೆ ಹೆಂಗಸರದು. ಯುಗಾದಿ, ದೀಪಾವಳಿ, ಮನೆಯ ಮದುವೆ, ಊರ ಮಾರಮ್ಮನ ಪರಿಷೆ ಎಂದರೆ ಮೊದಲು ಗೋಡೆ. ಪಂಚಾಂಗ ಹೇಳುವುದಕ್ಕೂ ಗೋಡೆಗೆ ಬೇಕಾದುದಕ್ಕೂ ಹೊಂದಾಣಿಕೆ ಇತ್ತು ಎಂಬುದನ್ನು ಗಮನಿಸಬೇಕು: ದೀಪಾವಳಿ ಮಳೆ ತಿಂದ ಗೋಡೆಯನ್ನು ಸರಿಪಡಿಸುವ ಹೊತ್ತು, ಯುಗಾದಿ ಬೇಸಿಗೆಗೆ ಮುಂಚೆ ಗೋಡೆ ಬೆಳ್ಳಗಾಗುವ ಹೊತ್ತು. ಹೊಸ ಸುಣ್ಣ ಬಿಸಿಲಿನ ಹೆಚ್ಚಿನ ಪಾಲನ್ನು ಹಿಂದಕ್ಕೆ ತಳ್ಳುತ್ತದೆ. ಚಳ್ಳಕೆರೆಯ ಏಪ್ರಿಲ್ ಬಿಸಿಲನ್ನು ಬಲ್ಲವರಿಗೆ ಇದು ಸಣ್ಣ ಅನುಕೂಲವಲ್ಲ. ಆದರೆ ಈ ದುಡಿಮೆಯನ್ನು ಹೊಗಳಿ ಹಾಡುವವರಿಗೆ ಒಂದು ಪ್ರಶ್ನೆ ಕೇಳಲೇಬೇಕು. ಹೊಲದ ಕೂಲಿ, ನೀರು ಹೊರುವುದು, ಒಲೆ, ಮಕ್ಕಳು ಇವೆಲ್ಲದರ ಮೇಲೆ ಬಿದ್ದ ಈ ಕೆಲಸಕ್ಕೆ ಯಾರಾದರೂ ಬೆಲೆ ಕಟ್ಟಿದ್ದರೇ? ಸುಣ್ಣ ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಸಂಚಕಾರ. ವರ್ಷವರ್ಷ ಆ ನೀರಿನಲ್ಲಿ ಕೈ ಅದ್ದಿದವರ ಬೆರಳುಗಳು ಬಿರಿದಿರುತ್ತಿದ್ದವು. ಎಮಲ್ಷನ್ ಬಂದ ಮೇಲೆ ಈ ಕೆಲಸ ತಪ್ಪಿತೆಂದು ಹೆಂಗಸರು ನಿಟ್ಟುಸಿರು ಬಿಟ್ಟಿದ್ದರೆ ಅದು ನ್ಯಾಯವೇ. ಹಳೆಯ ಪದ್ಧತಿಯನ್ನು ಹಾಗೆಹಾಗೇ ಹಿಂದಕ್ಕೆ ತರಬೇಕು ಎಂದು ನಾನು ಹೇಳುತ್ತಿಲ್ಲ. ಅವರ ಕೈಯಲ್ಲಿದ್ದ ತಿಳಿವಳಿಕೆ, ಯಾವ ಗೋಡೆಗೆ ಯಾವಾಗ ಏನು ಬೇಕೆಂಬ ವಿವೇಚನೆ, ಕೂಲಿಯಿಲ್ಲದ ದುಡಿಮೆಯೊಂದಿಗೆ ಬೆಸೆದುಕೊಂಡಿದ್ದರಿಂದಲೇ ಅದನ್ನು ಯಾರೂ ತಿಳಿವಳಿಕೆ ಎಂದು ಎಣಿಸಲಿಲ್ಲ. ಎಣಿಸದೆ ಇದ್ದುದನ್ನು ಕಳೆದುಕೊಂಡಾಗ ಯಾರಿಗೂ ಗೊತ್ತಾಗಲೂ ಇಲ್ಲ.

ಸರ್ಕಾರ ಗೋಡೆಯ ಬಳಿಗೆ ಬಂದದ್ದು ರೋಗದ ಹಿಂದೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಬೆಂಗಳೂರು ಮುಟ್ಟಿತು. ಮುಂದಿನ ದಶಕಗಳಲ್ಲಿ ಮೈಸೂರು ಸೀಮೆಯ ಊರುಗಳವರು ಮನೆ ಬಿಟ್ಟು ಹೊರವಲಯದ ಗುಡಿಸಲುಗಳಿಗೆ ಹೋಗುವುದು, ರೋಗ ಇಳಿದ ಮೇಲೆ ಮನೆಗೆ ಸುಣ್ಣ ಬಳಿಸಿ ಮರಳುವುದು ನಡೆಯಿತು. ಸುಣ್ಣದ ತೀವ್ರ ಕ್ಷಾರ ಕ್ರಿಮಿಗಳನ್ನು ಕೊಲ್ಲುತ್ತದೆ ಎಂಬ ವೈದ್ಯಕೀಯ ತಿಳಿವಿನಿಂದ ಸುಣ್ಣ ಆರೋಗ್ಯ ಇಲಾಖೆಯ ಕೈಗೂ ಬಂತು. ಇದಕ್ಕಿಂತ ಹೆಚ್ಚು ಮಾತಾಡುವ ಸಾಕ್ಷ್ಯ ಸ್ವಾತಂತ್ರ್ಯಾನಂತರದ್ದು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ 1958ರಲ್ಲಿ ನಿರ್ಮೂಲನ ಕಾರ್ಯಕ್ರಮವೂ ಶುರುವಾಗಿ ಹಳ್ಳಿಹಳ್ಳಿಯ ಮನೆಗಳಿಗೆ ಡಿಡಿಟಿ ಸಿಂಪಡಿಸತೊಡಗಿದರು. ಗೋಡೆಯ ಮೇಲೆ ಕೂತ ಔಷಧಿ ತಿಂಗಳುಗಟ್ಟಲೆ ಉಳಿದು ಸೊಳ್ಳೆಯನ್ನು ಕೊಲ್ಲಬೇಕು ಎಂಬುದು ಯೋಜನೆಯ ತಿರುಳು. ಅದಕ್ಕೆ ಎದುರಾದ ತೊಡಕುಗಳಲ್ಲಿ ಒಂದು, ಮಣ್ಣಿನ ಗೋಡೆ ಔಷಧಿಯನ್ನು ಒಳಕ್ಕೆ ಹೀರುವುದು. ಇನ್ನೊಂದು, ಹಬ್ಬ ಬಂದೊಡನೆ ಜನ ಔಷಧಿಯ ಮೇಲೆಯೇ ಸಾರಿಸಿ ಸುಣ್ಣ ಬಳಿದುಬಿಡುವುದು. ಸಿಂಪಡಿಸಿದ ಮೇಲೆ ಇಷ್ಟು ಕಾಲ ಗೋಡೆ ಮುಟ್ಟಬೇಡಿ ಎಂದು ನೌಕರರು ಹೇಳಬೇಕಾಯಿತು, ಸಿಂಪಡಿಸಿದ ದಿನವನ್ನು ಬಾಗಿಲ ಪಕ್ಕದ ಗೋಡೆಯ ಮೇಲೆ ಬರೆಯಬೇಕಾಯಿತು. ದೇಶಮಟ್ಟದ ಯೋಜನೆಯೊಂದು ಹೆಂಗಸರ ಸುಣ್ಣದ ಕುಂಚದೊಂದಿಗೆ ದಿನಾಂಕದ ಹೊಂದಾಣಿಕೆ ಮಾಡಿಕೊಳ್ಳಬೇಕಾಯಿತು ಎಂದರೆ ಗೋಡೆಯ ವಾರ್ಷಿಕ ಆರೈಕೆ ಎಷ್ಟು ನಿಯತವಾಗಿತ್ತು ಎಂಬುದನ್ನು ಊಹಿಸಬಹುದು. ಯಾವಾಗಲೋ ಒಮ್ಮೆ ಮಾಡುವ ಸಿಂಗಾರವಾಗಿದ್ದರೆ ಯಾರಿಗೂ ಅದರಿಂದ ತೊಡಕಾಗುತ್ತಿರಲಿಲ್ಲ.

ಈ ನಿಯತ ಆರೈಕೆ ಮುರಿದದ್ದು ಬಣ್ಣದ ಕಂಪನಿಗಳಿಂದ ಎಂದು ದೂರುವುದು ರೂಢಿ. ಕಾಲಾನುಕ್ರಮ ನೋಡಿದರೆ ಆ ದೂರು ಪೂರ್ತಿ ನಿಲ್ಲುವುದಿಲ್ಲ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲೇ, ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಶುರುವಾಗಿತ್ತು. ಮುಂದೆ ಚುನಾವಣೆಯ ಅಳಿಸಲಾಗದ ಶಾಯಿಯಿಂದ ಹೆಸರಾದ ಕಾರ್ಖಾನೆ ಅದೇ. ಏಷ್ಯನ್ ಪೇಂಟ್ಸ್ ಮುಂಬಯಿಯಲ್ಲಿ ಹುಟ್ಟಿದ್ದು 1942ರಲ್ಲಿ. ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣ್ ಅದಕ್ಕೆಂದು ಬರೆದ, ಕೈಯಲ್ಲಿ ಬಣ್ಣದ ಡಬ್ಬಿ ಮತ್ತು ಬ್ರಷ್ ಹಿಡಿದ ಗಟ್ಟು ಎಂಬ ತುಂಟ ಹುಡುಗ 1954ರಿಂದ ಊರೂರಿನ ಅಂಗಡಿಗಳಲ್ಲಿ ಕಾಣಿಸಿಕೊಂಡ. ಆದರೂ ಹಳ್ಳಿಯಲ್ಲಿ ಎಣ್ಣೆಬಣ್ಣ ಬಾಗಿಲು, ಕಿಟಕಿಯಿಂದಾಚೆ ಗೋಡೆಗೆ ಬರಲಿಲ್ಲ. ಬರಲು ಗೋಡೆಯೇ ಬದಲಾಗಬೇಕಿತ್ತು. ಅದು ಬದಲಾದದ್ದು ದೇವರಾಜ ಅರಸು ಕಾಲದ ಜನತಾ ಮನೆಗಳಿಂದ, 1985ರ ಇಂದಿರಾ ಆವಾಸ್, 1991-92ರ ಆಶ್ರಯ ಯೋಜನೆಗಳಿಂದ, ಎಲ್ಲಕ್ಕಿಂತ ಮುಖ್ಯವಾಗಿ ಸಿಮೆಂಟಿನಿಂದ. 1982ರಲ್ಲಿ ಭಾಗಶಃ, 1989ರಲ್ಲಿ ಪೂರ್ತಿಯಾಗಿ ಸಿಮೆಂಟಿನ ಮೇಲಿನ ಸರ್ಕಾರಿ ನಿಯಂತ್ರಣ ತೆಗೆದುಹಾಕಿದ ಮೇಲೆ ಪರ್ಮಿಟ್ಟಿಲ್ಲದೆ ಮೂಟೆ ಮೂಟೆ ಸಿಮೆಂಟ್ ಹೋಬಳಿಯ ಅಂಗಡಿಗೂ ಬಂತು. ಸಿಮೆಂಟ್ ಗಿಲಾವಿನ ಗೋಡೆಗೆ ವರ್ಷಕ್ಕೊಮ್ಮೆ ಮೈಸವರುವ ಅಗತ್ಯವಿಲ್ಲ. ಅಗತ್ಯ ತಪ್ಪಿದ ಮೇಲೆ ಉಳಿಯುವುದು ಅಂದದ ಪ್ರಶ್ನೆಯೊಂದೇ, ಅಂದಕ್ಕೆ ಉತ್ತರ ಬಣ್ಣದ ಅಂಗಡಿಯಲ್ಲಿ ಸಿದ್ಧವಾಗಿತ್ತು. ಈಗ ಸಣ್ಣ ಪಟ್ಟಣದ ಅಂಗಡಿಯಲ್ಲೂ ಬೇಕಾದ ಛಾಯೆಯನ್ನು ಯಂತ್ರ ಬೆರೆಸಿಕೊಡುತ್ತದೆ. ನಂಜನಗೂಡಿನ ಬಳಿ 2018ರಲ್ಲಿ ತೆರೆದ ಕಾರ್ಖಾನೆ ದೇಶದ ದೊಡ್ಡ ಬಣ್ಣದ ಕಾರ್ಖಾನೆಗಳಲ್ಲೊಂದು.

ಇಷ್ಟರವರೆಗೆ ದೂರಬೇಕಾದದ್ದು ಏನೂ ಇಲ್ಲ. ಹೊಸ ಗೋಡೆಗೆ ಹೊಸ ಬಣ್ಣ ಸರಿಯೇ. ತಪ್ಪು ನಡೆದದ್ದು, ಹೊಸ ಗೋಡೆಯ ಬಣ್ಣವನ್ನು ಹಳೆಯ ಗೋಡೆಗೂ ಬಳಿದಾಗ. ಮೊದಲು ಬಂದದ್ದು ಜನ ಸ್ನೋಸೆಂ ಎಂದು ಕರೆಯುತ್ತಿದ್ದ ಸಿಮೆಂಟ್ ಬಣ್ಣ. ಅದು ಗೋಡೆಗೆ ಕಚ್ಚಬೇಕಾದರೆ ಬಳಿಯುವ ಮುಂಚೆ ಗೋಡೆ ನೆನೆಸಬೇಕು, ಬಳಿದ ಮೇಲೆ ಕೆಲವು ದಿನ ನೀರು ಚಿಮುಕಿಸುತ್ತಿರಬೇಕು. ಕುಡಿಯುವ ನೀರಿಗೇ ಬಿಂದಿಗೆ ಸಾಲು ಹಿಡಿಯುವ ಊರಲ್ಲಿ ಗೋಡೆಗೆ ನೀರುಣಿಸುವವರು ಯಾರು? ನೀರಿಲ್ಲದೆ ಗಟ್ಟಿಯಾಗದ ಸಿಮೆಂಟ್ ಬಣ್ಣ ಪುಡಿಯಾಗಿ ಉದುರಿತು, ಜನ ಬಣ್ಣವನ್ನು ಬೈದರು. ಅದರ ಹಿಂದೆಯೇ ಬಂದ ಪ್ಲಾಸ್ಟಿಕ್ ಎಮಲ್ಷನ್‌ಗೆ ಆ ನೀರಿನ ರಗಳೆ ಇಲ್ಲ, ಆದರೆ ಅದು ಗೋಡೆಯ ಮೇಲೆ ಪೊರೆಯಾಗಿ ಕೂರುತ್ತದೆ. ಅಡಿಪಾಯಕ್ಕೆ ತೇವ ಏರದಂತೆ ತಡೆ ಹಾಕಿ ಕಟ್ಟಿದ ಇಟ್ಟಿಗೆ-ಸಿಮೆಂಟಿನ ಗೋಡೆಗೆ ಅದು ಒಳ್ಳೆಯದು. ಮಣ್ಣಿನ ಗಾರೆಯ ಗೋಡೆಗೆ ಅಂಥ ತಡೆ ಇಲ್ಲ. ನೆಲದಿಂದ ಏರಿದ ತೇವ ಸುಣ್ಣದ ಮೂಲಕ ಆರಿಹೋಗುತ್ತಿದ್ದುದು ಈಗ ಪೊರೆಯ ಹಿಂದೆ ನಿಲ್ಲುತ್ತದೆ, ಉಪ್ಪು ಅಲ್ಲೇ ಹರಳುಗಟ್ಟುತ್ತದೆ, ಎರಡು-ಮೂರು ಮಳೆಗಾಲದಲ್ಲಿ ಬಣ್ಣ ಹಪ್ಪಳದಂತೆ ಏಳುತ್ತದೆ. ಏಳುವಾಗ ತನ್ನೊಂದಿಗೆ ಗೋಡೆಯ ಮಣ್ಣನ್ನೂ ಕಿತ್ತುಕೊಂಡು ಬರುತ್ತದೆ. ಮನೆಯವರು ಗೋಡೆಯೇ ಹಳೆಯದಾಯಿತು ಎಂದು ತೀರ್ಮಾನಿಸಿ ಸಿಮೆಂಟ್ ಗಿಲಾವು ಹಾಕಿಸುತ್ತಾರೆ. ಗಟ್ಟಿ ಸಿಮೆಂಟಿನ ಹಿಂದೆ ತೇವ ಇನ್ನಷ್ಟು ಮೇಲಕ್ಕೇರುತ್ತದೆ. ಕೊನೆಗೆ ಗೋಡೆ ಕೆಡವುವ ಮಾತು ಬರುತ್ತದೆ. ನೂರು ವರ್ಷ ಸುಣ್ಣದಲ್ಲಿ ನಿಂತ ಗೋಡೆ ಹತ್ತು ವರ್ಷದ ಬಣ್ಣದಲ್ಲಿ ಬೀಳುವುದು ಹೀಗೆ.

ಸುಣ್ಣ ಒಂದು ವರ್ಷಕ್ಕೆ ಮಾಸುತ್ತದೆ, ಎಮಲ್ಷನ್ ಹಲವು ವರ್ಷ ಬಾಳುತ್ತದೆ, ಕೂಲಿಯ ಲೆಕ್ಕ ಹಾಕಿದರೆ ಸುಣ್ಣವೇ ದುಬಾರಿ ಎಂಬುದು ಇದಕ್ಕೆ ಬರುವ ಗಟ್ಟಿಯಾದ ಆಕ್ಷೇಪ. ಸಿಮೆಂಟ್ ಗೋಡೆಯ ಮಟ್ಟಿಗೆ ಈ ಮಾತು ಸರಿ, ಅಲ್ಲಿ ಸುಣ್ಣಕ್ಕೆ ಹಟ ಹಿಡಿಯಬೇಕಾಗಿಲ್ಲ. ಹಳೆಯ ಗೋಡೆಯ ಮಟ್ಟಿಗೆ ಲೆಕ್ಕ ತಿರುವುಮುರುವು. ಅಲ್ಲಿ ಬಾಳಬೇಕಾದದ್ದು ಗೋಡೆ, ಬಣ್ಣವಲ್ಲ. ಬಣ್ಣ ಎಷ್ಟು ಗಟ್ಟಿಯೋ ಗೋಡೆಗೆ ಅಷ್ಟು ಹಾನಿ. ಇನ್ನು ಬಣ್ಣದ ಸ್ವಾತಂತ್ರ್ಯದ ಮಾತು. ಹಿಂದೆ ಗಾರೆಗೇ ಅಪ್ಪಣೆ ಬೇಡಬೇಕಾಗಿದ್ದ ಜನರ ಮೊಮ್ಮಕ್ಕಳು ಇಂದು ತಮಗೆ ಬೇಕಾದ ಕಿತ್ತಳೆ, ನೀಲಿ ಬಳಿಸಿಕೊಳ್ಳುವುದನ್ನು ಕಂಡು ಊರ ಅಂದ ಕೆಟ್ಟಿತು ಎನ್ನುವವರ ಜೊತೆ ನಾನಿಲ್ಲ. ಕೆಂಪು-ಬಿಳಿ ಸೊಗಸಾಗಿತ್ತು, ಆದರೆ ಅದರಲ್ಲಿ ಆಯ್ಕೆಯ ಸೊಗಸು ಎಷ್ಟಿತ್ತೋ ಅನಿವಾರ್ಯವೂ ಅಷ್ಟೇ ಇತ್ತು. ಸುಣ್ಣಕ್ಕೆ ಸುಣ್ಣದ ಕ್ಷಾರ ತಾಳುವ ಮಣ್ಣಿನ ಬಣ್ಣಗಳನ್ನು ಬೆರೆಸಿ ಹಳದಿ, ಗುಲಾಬಿ, ಬೂದು ಮಾಡಿಕೊಳ್ಳಲು ಅಡ್ಡಿಯಿಲ್ಲ. ತಿಳಿನೀಲಿಯಂತೂ ಹಿಂದಿನಿಂದಲೂ ಇದೆ. ಹೆದ್ದಾರಿಯ ಗೋಡೆಗಳಲ್ಲಿ ನನಗೆ ನಿಜವಾಗಿ ನೋವು ಕೊಡುವುದು ಬೇರೆ. ಸಿಮೆಂಟ್, ಮೊಬೈಲ್, ಬೀಜ-ಗೊಬ್ಬರದ ಕಂಪನಿಗಳು ರಸ್ತೆಬದಿಯ ಮನೆಯ ಹೊರಗೋಡೆಗೆ ತಮ್ಮ ಬಣ್ಣ ಬಳಿದು ಹೆಸರು ಬರೆದುಹೋಗುತ್ತವೆ. ಮನೆಯವರಿಗೆ ಪುಕ್ಕಟೆ ಬಣ್ಣ ಸಿಕ್ಕ ಸಮಾಧಾನ. ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗಗಳನ್ನು ವಿರೂಪಗೊಳಿಸುವುದರ ವಿರುದ್ಧ ಕರ್ನಾಟಕದಲ್ಲಿ 1981ರಿಂದಲೇ ಕಾಯ್ದೆಯಿದೆ, ಗೋಡೆಬರಹ ಮಾತ್ರ ನಿಂತಿಲ್ಲ. ಒಂದು ಕಾಲಕ್ಕೆ ಊರ ಒಡೆಯರು ಹೊರಗೋಡೆಯ ಯಜಮಾನಿಕೆಗೆ ಕೈಹಾಕಿದ್ದರು, ಈಗ ಮಾರುಕಟ್ಟೆ ಹಾಕಿದೆ. ಎರಡೂ ಸಲ ಗೋಡೆ ಯಾರದೋ ಅವರ ಮಾತು ನಡೆಯಲಿಲ್ಲ.

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಇನ್ನೂ ಜನ ವಾಸವಿರುವ ಮಾಳಿಗೆ ಮನೆಗಳಿಗೆ ಸ್ಮಾರಕಗಳ ರಕ್ಷಣೆ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಅವುಗಳಿಗೆ ಬೇಕಾದದ್ದು ತಕ್ಕ ಹೊದಿಕೆ ಮತ್ತು ಅದನ್ನು ಬಲ್ಲ ಕೈಗಳು. ಗ್ರಾಮ ಪಂಚಾಯಿತಿಗಳು ಮನೆ ದುರಸ್ತಿಗೆ ನೆರವು ಕೊಡುವಾಗ ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವನ್ನೇ ಒತ್ತಾಯಿಸದೆ ಸುಣ್ಣದ ಗಾರೆಯನ್ನೂ ಒಪ್ಪಬೇಕು. ಸುಣ್ಣ ಬಳಿಯುವುದನ್ನು ಕೂಲಿಯ ಕೆಲಸವಾಗಿ, ಕೈಗವಸು ಮತ್ತು ಕನ್ನಡಕದೊಂದಿಗೆ, ಗಂಡಸು-ಹೆಂಗಸು ಇಬ್ಬರಿಗೂ ಕಲಿಸಬೇಕು. ಅಂಥ ಮನೆಯಲ್ಲಿರುವವರಲ್ಲಿ ಒಂದು ಕೋರಿಕೆ. ಗೋಡೆಗೆ ಎಮಲ್ಷನ್ ಬಳಿಸುವ ಮುನ್ನ ಬುಡವನ್ನೊಮ್ಮೆ ಕೈಯಿಂದ ಮುಟ್ಟಿ ನೋಡಿ. ತೇವವಿದ್ದರೆ, ಬಿಳಿ ಉಪ್ಪು ಕೈಗೆ ಹತ್ತಿದರೆ, ಡಬ್ಬಿಯನ್ನು ಅಂಗಡಿಗೆ ಹಿಂದಿರುಗಿಸಿ ಸುಣ್ಣ ತನ್ನಿ. ಹೇಗೆ ಅರಳಿಸಬೇಕು, ಎಷ್ಟು ತೆಳುವಾಗಿ ಬಳಿಯಬೇಕು ಎಂಬುದನ್ನು ಹೇಳಿಕೊಡಬಲ್ಲ ಹಿರಿಯ ಹೆಣ್ಣುಮಕ್ಕಳು ಇನ್ನೂ ನಿಮ್ಮ ಓಣಿಯಲ್ಲೇ ಇದ್ದಾರೆ. ಅವರಿರುವಾಗಲೇ ಕೇಳಿಕೊಳ್ಳಿ.